ಅರಸರ ಚರಿತ್ರೆಯಿಂದ ಜನರ ಚರಿತ್ರೆಗೆ: ಉಪನ್ಯಾಸ ಮತ್ತು ಅಧ್ಯಯನಪ್ರವಾಸಗಳ ಒಂದು ವಿಮರ್ಶೆ

ಯಾವ ಜನಾಂಗವೂ ತನ್ನ ಪೂರ್ವಚರಿತ್ರೆಯನ್ನು ವಿದ್ವಾಂಸರ ಗ್ರಂಥಗಳಿಂದ ಮಾತ್ರವೇ ಅರಿಯುವುದಿಲ್ಲ. ಸಾರ್ವಜನಿಕ ಉಪನ್ಯಾಸ, ಸ್ಥಳದರ್ಶನ, ಅಧ್ಯಯನಶಿಬಿರ ಇವುಗಳ ಮೂಲಕವೇ ಆ ಅರಿವು ಬಹುಜನರನ್ನು ಮುಟ್ಟುತ್ತದೆ. ನಾಸಿಕ ಜಿಲ್ಲೆಯ ನಿಫಾಡದಲ್ಲಿ ಜನಿಸಿದ ಮಹಾದೇವ ಗೋವಿಂದ ರಾನಡೆಯವರು 1875ರಲ್ಲಿ ಪುಣೆಯಲ್ಲಿ ಆರಂಭಿಸಿದ ವಸಂತ ವ್ಯಾಖ್ಯಾನಮಾಲೆ ಈ ದಿಸೆಯಲ್ಲಿ ಮೇಲ್ಪಂಕ್ತಿಯಾಯಿತು. ಕನ್ನಡನಾಡಿನಲ್ಲಿ 1890ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವೂ, ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯೂ, 1939ರಲ್ಲಿ ಧಾರವಾಡದಲ್ಲಿ ತಲೆಯೆತ್ತಿದ ಕನ್ನಡ ಸಂಶೋಧನ ಸಂಸ್ಥೆಯೂ ಇದೇ ಕಾರ್ಯವನ್ನು ಬೇರೆಬೇರೆ ಬಗೆಯಲ್ಲಿ ನಡೆಸಿದುವು. ಹಂಪೆಯ ದರ್ಶನದಿಂದ ಚೇತನಗೊಂಡ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದುದು ಸರ್ವವಿದಿತ. ಹರಿದು ಹಂಚಿಹೋಗಿದ್ದ ನಾಡಿಗೆ ಆತ್ಮಪ್ರತ್ಯಯವನ್ನು ತಂದುಕೊಡುವುದು ಆ ಕಾಲದ ಅಗತ್ಯವಾಗಿತ್ತು. 1956ರ ಏಕೀಕರಣದಲ್ಲಿ ಆ ಶ್ರಮವು ಫಲಿಸಿತು.

ಆದರೆ ಕಾರ್ಯ ಮುಗಿದ ಮೇಲೆಯೂ ಅದರ ರೀತಿ ಬದಲಾಗಲಿಲ್ಲವೆಂಬುದೇ ಇಲ್ಲಿಯ ಆಕ್ಷೇಪ. ಅರಸರ ವಂಶಾವಳಿ, ದಂಡಯಾತ್ರೆ, ಬಿರುದುಗಳು, ರಾಜ್ಯದ ಎಲ್ಲೆ ಇಷ್ಟನ್ನೇ ಇಂದಿನ ಉಪನ್ಯಾಸಗಳೂ ಬಹುಮಟ್ಟಿಗೆ ಹೇಳುತ್ತಿವೆ. ‘ನಮ್ಮವರು ಎಲ್ಲಿಯವರೆಗೆ ಆಳಿದರು?’ ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿದೆ. ‘ಆಗ ಜನರು ಹೇಗೆ ಬಾಳಿದರು?’ ಎಂಬ ಪ್ರಶ್ನೆಯನ್ನು ಕೇಳುವವರೇ ವಿರಳ. ಈ ಕೊರತೆ ಎಲ್ಲೋರದ ಯಾತ್ರೆಯಲ್ಲಿ ಎದ್ದುಕಾಣುತ್ತದೆ.

ನಾಸಿಕದಿಂದ ಮಾಲೇಗಾಂವ್, ಚಾಳೀಸಗಾಂವ್, ಕನ್ನಡ್ ಊರುಗಳ ಮೇಲೆ ಹಾದು ಎಲ್ಲೋರವನ್ನು ಸೇರುವ ದಾರಿ ಕನ್ನಡಿಗನಿಗೆ ಹೆಜ್ಜೆಹೆಜ್ಜೆಗೂ ಹೆಮ್ಮೆಯನ್ನು ಉಂಟುಮಾಡತಕ್ಕದ್ದು. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ವಣಿ ತಾಮ್ರಶಾಸನ ಹೊರಟ ಮಯೂರಖಂಡಿಯನ್ನು ನಾಸಿಕ ಜಿಲ್ಲೆಯ ಮೋರ್ಖಂಡ ದುರ್ಗವೆಂದು ಗುರುತಿಸಿದವರುಂಟು. ಎಲ್ಲೋರದ ಕೈಲಾಸವು ಒಂದನೆಯ ಕೃಷ್ಣನ ಕಾಲದ ಕೃತಿಯೆಂಬುದು ಪ್ರಸಿದ್ಧ. ಇಲ್ಲಿಯವರೆಗೆ ಆಧಾರವುಂಟು. ಆದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕನ್ನಡ್ ಎಂಬ ಊರಿನ ಹೆಸರೊಂದನ್ನೇ ಹಿಡಿದು ಇದು ಕನ್ನಡದ ನೆಲವೆಂದು ಸಾರುವುದು ಸಂಶೋಧನೆಯಲ್ಲ. ಆ ಹೆಸರಿನ ಪ್ರಾಚೀನರೂಪವನ್ನು ಶಾಸನಗಳಿಂದ ತೋರಿಸದೆ ಧ್ವನಿಸಾಮ್ಯವನ್ನೇ ಪ್ರಮಾಣವಾಗಿ ಮಾಡುವುದು ಸಲ್ಲದು.

ಇನ್ನೂ ಒಂದು ಸಂಗತಿ ಗಮನಾರ್ಹ. ರಾಷ್ಟ್ರಕೂಟರ ಆಸ್ಥಾನದಲ್ಲಿಯೇ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಗೆ ನಿಲ್ಲಿಸುತ್ತದೆ. ಎಲ್ಲೋರವು ಗೋದಾವರಿಯ ಉತ್ತರಕ್ಕಿದೆ. ಮಾಲೇಗಾಂವ್ ನಿಂತಿರುವ ಗಿರಣಾ ನದಿಯಂತೂ ತಾಪಿಯನ್ನು ಸೇರುವಂಥದು. ರಾಜ್ಯವು ನರ್ಮದೆಯನ್ನು ದಾಟಿದ್ದ ಕಾಲದಲ್ಲಿಯೂ ಗ್ರಂಥಕಾರನು ನುಡಿಯ ಎಲ್ಲೆಯನ್ನು ರಾಜ್ಯದ ಎಲ್ಲೆಯೊಡನೆ ಬೆರಸಲಿಲ್ಲ. ಒಂಬತ್ತನೆಯ ಶತಮಾನದ ಲಾಕ್ಷಣಿಕನಿಗೆ ಇದ್ದ ಈ ವಿವೇಕವು ಇಪ್ಪತ್ತೊಂದನೆಯ ಶತಮಾನದ ಉಪನ್ಯಾಸಕನಿಗೆ ಬೇಡವೇ? ದೇವಗಿರಿಯ ಸೇವುಣರು ನೂರಾರು ಕನ್ನಡ ಶಾಸನಗಳನ್ನು ಹಾಕಿಸಿದರು; ಅದೇ ವಂಶದ ರಾಮಚಂದ್ರನ ಆಳ್ವಿಕೆಯಲ್ಲಿ, 1290ರಲ್ಲಿ, ಮರಾಠಿಯ ‘ಜ್ಞಾನೇಶ್ವರಿ’ ರಚಿತವಾಯಿತು. ಎರಡು ನುಡಿಗಳು ಒಂದೇ ರಾಜ್ಯದಲ್ಲಿ ಬಾಳಿದ ಈ ಬಗೆಯನ್ನು ನೆಲದ ಮೇಲಿನ ಹಕ್ಕಿನ ಮಾತು ವಿವರಿಸಲಾರದು.

ಹಾಗಾದರೆ ಯಾತ್ರಿಕನು ಕೇಳಬೇಕಾದುದೇನು? ಕೈಲಾಸವನ್ನು ಕಟ್ಟಿಸಿದವನ ಹೆಸರು ಉಳಿಯಿತು, ಕಡೆದವರ ಹೆಸರು ಉಳಿಯಲಿಲ್ಲ. ಬರೋಡಾ ತಾಮ್ರಶಾಸನವು ತನ್ನ ಕೃತಿಗೆ ತಾನೇ ಬೆರಗಾದ ಶಿಲ್ಪಿಯೊಬ್ಬನನ್ನು ಚಿತ್ರಿಸಿದರೂ ಅವನ ಹೆಸರನ್ನು ಹೇಳುವುದಿಲ್ಲ. ಆ ಕೆಲಸಗಾರರ ಕೂಲಿ, ಊಟ, ಉಳಿಗಳ ಕಬ್ಬಿಣ ಎಲ್ಲಿಂದ ಬಂದುವೆಂಬುದನ್ನು ಮಾರ್ಗದರ್ಶಕನು ಪ್ರಸ್ತಾಪಿಸುವುದೂ ಇಲ್ಲ. ಉತ್ತರ ದೊರೆಯದಿದ್ದರೂ ಇಂಥ ಪ್ರಶ್ನೆಗಳು ಕಲ್ಲನ್ನು ನೋಡುವ ಕಣ್ಣನ್ನು ಬದಲಿಸುತ್ತವೆ.

ಉತ್ತರ ದೊರೆಯುವ ಸ್ಥಳವೂ ಇದೇ ದಾರಿಯಲ್ಲಿದೆ. ನಾಸಿಕದ ಪಾಂಡವಲೇಣಿಯಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನವೊಂದುಂಟು. ಅವನು 3,000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಠೇವಣಿಯಿಟ್ಟನು: 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದು, 1,000ಕ್ಕೆ ನೂರಕ್ಕೆ ಮುಕ್ಕಾಲು ಬಡ್ಡಿ. ಅಸಲನ್ನು ತೆಗೆಯತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಬಳಸಬೇಕು. ಮೊದಲ ಮೊತ್ತದ ವರ್ಷದ ಬಡ್ಡಿ 240. ಗುಹೆಯಲ್ಲಿ ಮಳೆಗಾಲವನ್ನು ಕಳೆಯುವ 20 ಭಿಕ್ಷುಗಳಿಗೆ ತಲಾ 12ರಂತೆ ವಸ್ತ್ರಕ್ಕೆಂದು ಗೊತ್ತುಮಾಡಿದ ಹಣಕ್ಕೆ ಇದು ಸರಿಹೊಂದುತ್ತದೆ. ಕೊಡುಗೆಯನ್ನು ನಿಗಮಸಭೆಯಲ್ಲಿ ಓದಿಸಿ ದಾಖಲೆಮಾಡಿಸಲಾಯಿತು. ರಾಜಬಂಧುವೊಬ್ಬನು ನೇಕಾರರ ಸಂಘವನ್ನು ನಂಬಿ ಶಾಶ್ವತನಿಧಿಯನ್ನು ಒಪ್ಪಿಸಿದನೆಂಬ ಈ ಒಂದು ಸಂಗತಿಯು ಆ ಕಾಲದ ಸಮಾಜವನ್ನು ಹತ್ತು ಯುದ್ಧವರ್ಣನೆಗಳಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ. ಬಡ್ಡಿಯಿಂದ ಧರ್ಮಕಾರ್ಯ ನಡೆಸುವ ಇಂಥ ಏರ್ಪಾಡು ಕನ್ನಡ ಶಾಸನಗಳಲ್ಲಿಯೂ ಕಾಣುತ್ತದೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಅಲ್ಲಿಂದ ಸುಮಾರು 100 ಕಿಲೋಮೀಟರು ಸಾಗಿದರೆ ಮಾಲೇಗಾಂವ್. ಯಾತ್ರೆಯ ಪಟ್ಟಿಯಲ್ಲಿ ಈ ಊರಿಗೆ ಸ್ಥಾನ ದೊರೆಯುವುದು ಅಪರೂಪ; ದೊರೆತರೂ ನಾರೋಶಂಕರನ ಕೋಟೆ, 1818ರ ಮುತ್ತಿಗೆ ಇಷ್ಟರಲ್ಲಿಯೇ ಮುಗಿಯುತ್ತದೆ. ಆದರೆ ಈ ಊರು ಮಗ್ಗದ ಊರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಹಿಂದುಸ್ಥಾನದಿಂದ ನೆಲೆತಪ್ಪಿ ಬಂದ ಮುಸಲ್ಮಾನ ನೇಕಾರರ ಕುಟುಂಬಗಳು ಇಲ್ಲಿ ನೆಲಸಿದುವು. ಕೈಮಗ್ಗದ ಜಾಗದಲ್ಲಿ ಕ್ರಮೇಣ ವಿದ್ಯುನ್ಮಗ್ಗ ಬಂತು. ಇವರಿಗೂ ಗೋವರ್ಧನದ ಪ್ರಾಚೀನ ಶ್ರೇಣಿಗಳಿಗೂ ವಂಶಸಂಬಂಧವನ್ನು ಕಲ್ಪಿಸುವುದು ಮತ್ತೊಂದು ಬಗೆಯ ಹೆಸರಿನ ಆಟವೇ ಆದೀತು. ಸಂಬಂಧವಿರುವುದು ಪ್ರಶ್ನೆಯಲ್ಲಿ: ನೂಲನ್ನು ಯಾರು ಕೊಡುತ್ತಾರೆ, ಬಟ್ಟೆಯನ್ನು ಯಾರು ಕೊಳ್ಳುತ್ತಾರೆ, ಸಾಲ ಯಾರದು, ನೇಕಾರನ ಮಾತಿಗೆ ಇಂದು ಊರಿನಲ್ಲಿ ಎಷ್ಟು ಬೆಲೆ? ಬೆಳಗ್ಗೆ ನೇಕಾರರ ಶ್ರೇಣಿಯ ಶಾಸನವನ್ನು ಓದಿ, ಮಧ್ಯಾಹ್ನ ನೇಕಾರರ ಊರನ್ನು ನಿಲ್ಲದೆ ದಾಟಿಹೋಗುವ ಯಾತ್ರಿಕರು ಅಕ್ಷರವನ್ನು ಓದಿದರೇ ಹೊರತು ಅರ್ಥವನ್ನಲ್ಲ.

ಸಾಮಾನ್ಯ ಶ್ರೋತೃಗಳಿಗೆ ಅರಸರ ಕಥೆಯೇ ರುಚಿಸುತ್ತದೆ, ಸಮಾಜದ ಚರಿತ್ರೆ ಶುಷ್ಕವೆಂಬ ಮಾತುಂಟು. ಇದು ಶ್ರೋತೃಗಳ ದೋಷವಲ್ಲ, ನಿರೂಪಣೆಯ ದೋಷ. ಬಡ್ಡಿಯ ಲೆಕ್ಕ ಅರ್ಥವಾಗದ ಗೃಹಸ್ಥನಾಗಲಿ ಗೃಹಿಣಿಯಾಗಲಿ ಇಲ್ಲ. ಡಿ. ಡಿ. ಕೋಸಂಬಿಯವರು 1956ರ ತಮ್ಮ ಗ್ರಂಥದಲ್ಲಿ, ಕಾಲ್ನಡೆಯಿಂದ ಕಂಡ ಹಳ್ಳಿಯೂ ಚರಿತ್ರೆಗೆ ಆಕರವಾಗಬಲ್ಲದೆಂಬುದನ್ನು ತೋರಿಸಿದರು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಶಾಸನಗಳಿಂದ ಜನಜೀವನವನ್ನು ಎತ್ತಿಕೊಡುವ ಬಗೆಯನ್ನು ಕನ್ನಡದಲ್ಲಿಯೇ ಸಾಧಿಸಿತು. ದಾರಿ ತೆರೆದು ಆರು ದಶಕಗಳಾದರೂ ಉಪನ್ಯಾಸವೇದಿಕೆ ಅದರಲ್ಲಿ ನಡೆಯಲು ಹಿಂಜರಿಯುತ್ತಿರುವುದು ವಿಷಾದಕರ.

ಸಂಘಸಂಸ್ಥೆಗಳು ಮಾಡಬೇಕಾದುದು ಹೆಚ್ಚೇನಲ್ಲ. ಯಾತ್ರೆಗೆ ಮುನ್ನ ಒಂದೆರಡು ಶಾಸನಗಳನ್ನು ಎಲ್ಲರೂ ಕೂಡಿ ಓದುವ ಶಿಬಿರ. ದಾರಿಯಲ್ಲಿ ಮರಾಠಿ, ಉರ್ದು ಬಲ್ಲ ಸ್ಥಳೀಯರಿಗೂ ಮಾತಿಗೆ ಅವಕಾಶ. ಹಿಂದಿರುಗಿದ ಮೇಲೆ ಕಂಡುದನ್ನು ಆಧಾರಸಹಿತವಾಗಿ ಬರೆದಿಡುವ ಕಟ್ಟಳೆ. ಇಷ್ಟಾದರೆ ಸಾಕು. ಗತವೈಭವದ ಮಾತಿನಿಂದ ನಾಡು ಎಚ್ಚತ್ತುದು ನಿಜ. ಎಚ್ಚತ್ತವನು ಸುತ್ತ ಯಾರಿದ್ದಾರೆಂದು ನೋಡುವುದು ಮುಂದಿನ ಕರ್ತವ್ಯ.