ಪಕ್ಕದ ಸೀಟಿನ ದೆವ್ವ



ಹಿಂದಿನ ಕೂಟದಲ್ಲಿ ಪ್ರವಾಸ ಕಥನಗಳ ಮಾತು ಬಂದಾಗ ಮಿತ್ರರೊಬ್ಬರು, "ಗ್ರ್ಯಾಂಡ್ ಕ್ಯಾನಿಯನ್ ಬಗ್ಗೆ ಬರೆಯಿರಿ, ಅಲಾಸ್ಕಾ ಬಗ್ಗೆ ಬರೆಯಿರಿ, ದಯವಿಟ್ಟು ಇನ್ನೊಂದು ಡಿಸ್ನಿಲ್ಯಾಂಡ್ ಲೇಖನ ಮಾತ್ರ ಬೇಡ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು, ಮಾತಾಡದೆ ಇರಲು ಅದೊಂದು ಒಳ್ಳೆಯ ನೆಪ. ನಿಜ ಸಂಗತಿ ಏನೆಂದರೆ, 2024ರ ಡಿಸೆಂಬರ್ 27ರಂದು ನಾನು ಒಬ್ಬನೇ ಡಿಸ್ನಿಲ್ಯಾಂಡಿಗೆ ಹೋಗಿ ಬೆಳಗಿನಿಂದ ರಾತ್ರಿಯವರೆಗೂ ಇದ್ದು ಬಂದಿದ್ದೆ. ಯಾರಿಗೂ ಹೇಳಿರಲಿಲ್ಲ. ನಲವತ್ತೇಳು ವರ್ಷದ ಗಂಡಸು ಒಬ್ಬನೇ ಡಿಸ್ನಿಲ್ಯಾಂಡಿಗೆ ಹೋಗಿದ್ದೆ ಎಂದರೆ ಕೇಳಿದವರು ಮೊದಲು ಸುಮ್ಮನಾಗುತ್ತಾರೆ, ಆಮೇಲೆ "ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೆ?" ಎನ್ನುತ್ತಾರೆ.

ಎಲ್ಲ ಸರಿಯಾಗಿಯೇ ಇತ್ತು. ಹೆಂಡತಿ, ಮಗಳು ಬೆಂಗಳೂರಿಗೆ ಹೋಗಿದ್ದರು. ನನ್ನ ರಜೆಯೆಲ್ಲ ಜುಲೈನಲ್ಲೇ ಮುಗಿದಿತ್ತು. ಆಗ ಶಿರಸಿಯಲ್ಲಿ ಅಮ್ಮ ತೀರಿಕೊಂಡಿದ್ದಳು. ಕ್ರಿಸ್‌ಮಸ್ ವಾರ ಆಫೀಸಿಗೆ ಬೀಗ, ಆದರೆ ಊರಿಗೆ ಹೋಗಿ ಬರುವಷ್ಟು ದಿನಗಳಿಲ್ಲ. ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ಎರಡು ದಿನ ಕೇಳಿದೆ. ಮೂರನೆಯ ದಿನ ಅರ್ವೈನ್‌ನಿಂದ ಅರ್ಧ ಗಂಟೆ ಕಾರು ಓಡಿಸಿದೆ.

ಮಿತ್ರರ ಮಾತಿನಲ್ಲಿ ಹುರುಳಿದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮವರ ಡಿಸ್ನಿಲ್ಯಾಂಡ್ ಬರಹಗಳಿಗೆ ಒಂದು ಅಚ್ಚು ಇದೆ. ಟಿಕೆಟ್ಟಿನ ಬೆಲೆಯನ್ನು ರೂಪಾಯಿಗೆ ಗುಣಿಸಿ ಬೆಚ್ಚಿಬೀಳುವುದು, ನೆಲದ ಮೇಲೆ ಒಂದು ಕಡಲೆಕಾಯಿ ಸಿಪ್ಪೆಯೂ ಇಲ್ಲವೆಂದು ಬೆರಗಾಗುವುದು, ಜನ ತಳ್ಳಾಡದೆ ಸಾಲಿನಲ್ಲಿ ನಿಲ್ಲುವುದನ್ನು ಕಂಡು ನಮ್ಮ ಬಸ್ ಸ್ಟ್ಯಾಂಡುಗಳನ್ನು ನೆನೆದು ನಿಟ್ಟುಸಿರು ಬಿಡುವುದು, ಕೊನೆಗೆ "ನಾವೂ ಮಕ್ಕಳಾಗಿಬಿಟ್ಟೆವು" ಎನ್ನುವುದು. ಬರೆದವರು ಸುಳ್ಳು ಬರೆದಿಲ್ಲ. ಆದರೆ ಆ ಜಾಗ ಏನು ನೋಡಿಸಬೇಕೆಂದುಕೊಂಡಿತ್ತೋ ಅದನ್ನೇ ನೋಡಿ ಬಂದಿದ್ದಾರೆ. ಒಂದು ಕಾದಂಬರಿಯ ವಿಮರ್ಶೆ ಎಂದು ಅದರ ಹಿಂಬದಿ ರಕ್ಷಾಪುಟದ ಮಾತನ್ನೇ ಬರೆದರೆ ನಾವು ಒಪ್ಪುತ್ತೇವೆಯೇ?

ಇನ್ನೊಂದು ತುದಿಯಲ್ಲಿ ಯೂರೋಪಿನ ಪಂಡಿತರಿದ್ದಾರೆ. ಉಂಬರ್ಟೊ ಇಕೊ 1975ರಲ್ಲಿ ಅಮೆರಿಕದ ಮೇಣದ ಗೊಂಬೆಗಳ ಮ್ಯೂಸಿಯಮ್ಮುಗಳನ್ನೂ ಡಿಸ್ನಿಲ್ಯಾಂಡನ್ನೂ ಸುತ್ತಿ, ಇಲ್ಲಿ ನಕಲು ಅಸಲಿಗಿಂತ ಚೆನ್ನಾಗಿದೆ ಎಂದು ಜನರಿಗೆ ಅನ್ನಿಸುವಂತೆ ಮಾಡುತ್ತಾರೆ ಎಂದು ಬರೆದ. ಝಾನ್ ಬೋದ್ರಿಯಾರ್ 1981ರ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಅಮೆರಿಕವೇ ಒಂದು ಡಿಸ್ನಿಲ್ಯಾಂಡ್, ಅದನ್ನು ಮುಚ್ಚಿಡಲು ಈ ಪುಟ್ಟ ಡಿಸ್ನಿಲ್ಯಾಂಡನ್ನು ಕಟ್ಟಿದ್ದಾರೆ ಎಂದ. ಎಂ.ಎಸ್. ಮಾಡುವಾಗ ರೂಮ್‌ಮೇಟ್ ಒಬ್ಬ ಕೊಟ್ಟ ಬೋದ್ರಿಯಾರನ ಇಂಗ್ಲಿಷ್ ಅನುವಾದವನ್ನು ಓದಿ ಬಹಳ ದಿನ ನಾನೂ ಜಾಣನಂತೆ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ಈಗ ಅನ್ನಿಸುವುದು, 'ನಕಲಿ' ಎಂಬ ಆಕ್ಷೇಪ ನಮ್ಮಂಥವರ ಮಟ್ಟಿಗೆ ಸ್ವಲ್ಪ ಬಡವಾದದ್ದು. ಮೀಸೆ ಬೋಳಿಸಿದ ಗಂಡಸು ಸೀರೆ ಉಟ್ಟು ದ್ರೌಪದಿಯಾಗಿ ಬಂದಾಗ ರಾತ್ರಿಯಿಡೀ ಕಣ್ಣೀರು ಹಾಕಿ, ಬೆಳಿಗ್ಗೆ ಅದೇ ಗಂಡಸಿನ ಜೊತೆ ಚಾ ಕುಡಿದವರು ನಾವು. ಆಟ ಆಟವೆಂದು ಗೊತ್ತಿದ್ದೇ ಆಟದೊಳಗೆ ಇರುವುದು ನಮಗೆ ಹೊಸದಲ್ಲ. ಅಲ್ಲಿನ ಮುಖ್ಯ ಬೀದಿಯ ಕಟ್ಟಡಗಳ ಮೇಲಿನ ಅಂತಸ್ತುಗಳು ಬೇಕೆಂದೇ ಕುಗ್ಗುತ್ತಾ ಹೋಗುತ್ತವೆ, ಎತ್ತರ ಹೆಚ್ಚು ಕಾಣಲಿ ಎಂದು. ರಾತ್ರಿ ಪಟಾಕಿ ಮುಗಿಯುವ ಹೊತ್ತಿಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಆಕಾಶದಿಂದ ಹಿಮ ಬೀಳುತ್ತದೆ, ಸೋಪಿನ ನೊರೆ. ನನ್ನ ಪಕ್ಕದ ಅಪ್ಪ ಬಾಯಿ ತೆರೆದ ಮಗನಿಗೆ "ತಿನ್ನಬೇಡ" ಎಂದ. ಹುಡುಗ ಬಾಯಿ ಮುಚ್ಚಿ ಕೈ ಚಾಚಿದ. ಇಬ್ಬರಲ್ಲಿ ಯಾರು ಮೋಸ ಹೋದಂತಾಯಿತು?

ಹಾಗಾದರೆ ಈ ಕೃತಿಯ ದೋಷ ಎಲ್ಲಿದೆ? ಒಬ್ಬನೇ ಹೋದವನಿಗೆ ಅದು ಒಂದು ಗಂಟೆಯೊಳಗೆ ತಿಳಿಯುತ್ತದೆ. ಅದರ ವ್ಯಾಕರಣದಲ್ಲಿ ಏಕವಚನ ಇಲ್ಲ.

ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ: "ಎಷ್ಟು ಜನ?" ಕೇಳುವವರು ನಗುತ್ತಲೇ ಕೇಳುತ್ತಾರೆ, ಉತ್ತರವನ್ನು ಬೆರಳಲ್ಲಿ ತೋರಿಸಿದರೆ ಸಾಕು. ಹಿಂದೆ ನಾಲ್ಕು ಬೆರಳು, ಮುಂದೆ ಆರು ಬೆರಳು, ನಡುವೆ ನನ್ನದೊಂದು. ರಜೆಯ ದಿನಗಳಲ್ಲಿ ಅಲ್ಲಿ ಜನ ಕುಟುಂಬಕ್ಕೊಂದು ಬಣ್ಣದ ಅಂಗಿ ಹಾಕಿಕೊಂಡು ಬರುತ್ತಾರೆ. ಎದೆಯ ಮೇಲೆ 'ಅಜ್ಜಿ', 'ಅಪ್ಪ', 'ಹುಟ್ಟುಹಬ್ಬದ ಹುಡುಗಿ' ಎಂದು ಇಂಗ್ಲಿಷಿನಲ್ಲೋ ಸ್ಪ್ಯಾನಿಷಿನಲ್ಲೋ ಅಚ್ಚಾಗಿರುತ್ತದೆ. ನನ್ನ ಅಂಗಿಯ ಮೇಲೆ ಹಳೆಯ ಕಂಪನಿಯೊಂದರ ಲೋಗೋ ಇತ್ತು. ಒಂದು ಸಾಲಿನಲ್ಲಿ ಐದಾರು ವರ್ಷದ ಹುಡುಗನೊಬ್ಬ ಬಹಳ ಹೊತ್ತು ನನ್ನನ್ನು ನೋಡಿ, "ನಿಮ್ಮವರು ಎಲ್ಲಿ?" ಎಂದ. "ಬರ್ತಾರೆ" ಎಂದೆ. ಯಾಕೆ ಹಾಗೆಂದೆನೋ! ಆಮೇಲೆ ಮುಕ್ಕಾಲು ಗಂಟೆ ಅದೇ ಸಾಲಿನಲ್ಲಿ ಆ ಹುಡುಗ ಆಗಾಗ ನನ್ನ ಹಿಂದೆ ಇಣುಕಿ ನೋಡುತ್ತಿದ್ದ.

ಇಕೊ ಆ ಸಾಲುಗಳ ಕಬ್ಬಿಣದ ಕಂಬಿಗಳನ್ನು ಗಮನಿಸಿದ್ದಾನೆ, ಒಬ್ಬೊಬ್ಬರ ಸ್ವಂತ ಇಚ್ಛೆಗೆ ಅಲ್ಲಿ ಎಡೆಯಿಲ್ಲ ಎಂದೂ ಹೇಳಿದ್ದಾನೆ. ಆದರೆ ಕಂಬಿಗಳ ನಡುವೆ ನಿಂತವರು ಏನು ಮಾತಾಡುತ್ತಾರೆಂದು ಕೇಳಿಸಿಕೊಂಡಂತಿಲ್ಲ. ನಾನು ಕೇಳಿಸಿಕೊಂಡೆ, ಬೇರೆ ಕೆಲಸವಿರಲಿಲ್ಲವಲ್ಲ. ಮನೆ ಸಾಲ, ಅತ್ತಿಗೆಯ ಮೇಲಿನ ದೂರು, ಮಗಳ ಕಾಲೇಜು, ಯಾರದೋ ಬಯಾಪ್ಸಿ. ಎರಡು ನಿಮಿಷದ ಸವಾರಿಗೆ ಎಪ್ಪತ್ತು ನಿಮಿಷ ಕಾಯುವ ಜನ ಆ ಎಪ್ಪತ್ತು ನಿಮಿಷದಲ್ಲಿ ವರ್ಷವಿಡೀ ಆಡದ ಮಾತುಗಳನ್ನು ಆಡಿಕೊಳ್ಳುತ್ತಾರೆ. ಅಲ್ಲಿನ ನಿಜವಾದ ಪಠ್ಯ ಸಾಲು, ಸವಾರಿ ಅದರ ಪೂರ್ಣವಿರಾಮ ಅಷ್ಟೆ. ಇದು ಜೊತೆಗೊಬ್ಬರು ಇದ್ದವರಿಗೆ ಕಾಣಿಸುವುದಿಲ್ಲ, ಅವರು ಮಾತಿನಲ್ಲಿರುತ್ತಾರೆ.

ಒಂಟಿಗರಿಗೆಂದು ಕೆಲವು ಕಡೆ ಬೇರೆಯೇ ಸಾಲಿದೆ, 'ಸಿಂಗಲ್ ರೈಡರ್'. ಮ್ಯಾಟರ್‌ಹಾರ್ನ್ ಎಂಬ ಹಿಮಪರ್ವತದ ಸವಾರಿಯಲ್ಲಿ (1959ರದು, ಉಕ್ಕಿನ ಕೊಳವೆಯ ಹಳಿ ಬಳಸಿದ ಮೊದಲ ರೋಲರ್ ಕೋಸ್ಟರ್) ನಾನು ಇದರಲ್ಲೇ ಹೋದೆ. ಐದು ಜನರ ಕುಟುಂಬ ಬಂದರೆ ಆರನೆಯ ಸೀಟು ಉಳಿಯುತ್ತದೆ, ಅಲ್ಲಿಗೆ ನಮ್ಮಂಥವರನ್ನು ತುಂಬುತ್ತಾರೆ. ನಮ್ಮ ವೃತ್ತಿಯವರಿಗೆ ಇದು ಗೊತ್ತು. ಡಬ್ಬಿಗಳನ್ನು ತುಂಬುವ ಲೆಕ್ಕದಲ್ಲಿ ದೊಡ್ಡವನ್ನೆಲ್ಲ ಇಟ್ಟ ಮೇಲೆ ಸಂದಿಗಳಿಗೆ ಚಿಕ್ಕವನ್ನು ತುರುಕುವುದು. ಪರೀಕ್ಷೆಗೆ ಓದಿದ್ದ ಅಲ್ಗಾರಿದಮ್ಮಿನ ಚಿಕ್ಕ ವಸ್ತು ನಾನೇ ಆದೆ! ಸಾಲು ಬೇಗ ಸಾಗಿತು, ಲಾಭವೇ. ಆದರೆ ಯಾರದೋ ಕುಟುಂಬದ ಫೋಟೋದಲ್ಲಿ ಕೊನೆಗೆ ಕೂತ ಅಪರಿಚಿತನಾಗಿ ಬೆಟ್ಟ ಇಳಿಯುವಾಗ ಕಿರುಚಬೇಕೋ ಬೇಡವೋ ಎಂದು ಯೋಚಿಸುವಂತಾಯಿತು. ಒಬ್ಬನೇ ಕಿರುಚುವುದು ಬೇರೆ ಅರ್ಥ ಕೊಡುತ್ತದೆ.

ಶಿರಸಿಯ ಮಾರಿಕಾಂಬಾ ಜಾತ್ರೆ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯಲ್ಲಿ ಒಂಟಿ ಗಂಡಸರು ಎಷ್ಟೋ ಜನ. ಹೆಗಲ ಮೇಲೆ ಟವೆಲ್ಲು, ಗದ್ದುಗೆಯ ಮುಂದೆ ಕೈಮುಗಿದು, ಬಳೆಯಂಗಡಿ ದಾಟಿ, ನಾಟಕದ ಟೆಂಟಿನಲ್ಲಿ ಕೂತು, ಬೆಳಗಿನ ಜಾವದ ಬಸ್ಸಿಗೆ ಹೋಗುವವರು. ಅವರನ್ನು ಯಾರೂ "ಎಷ್ಟು ಜನ?" ಎಂದು ಕೇಳುತ್ತಿರಲಿಲ್ಲ. ಅಲ್ಲಿ ದೇವಿ ಒಬ್ಬಳಿದ್ದಾಳೆ ನೋಡಿ, ಒಂಟಿಯಾಗಿ ಬಂದವನೂ ಯಾರನ್ನೋ ಕಾಣಲು ಬಂದವನೇ. ಇಲ್ಲಿ ನೀವು ಕಾಣಲು ಬರುವುದು ನಿಮ್ಮವರ ಮುಖದಲ್ಲಿನ ಸಂತೋಷವನ್ನು. ಆ ಮುಖವೇ ಇಲ್ಲದಿದ್ದರೆ ಏನನ್ನು ನೋಡುವುದು?

'ಇಟ್ಸ್ ಎ ಸ್ಮಾಲ್ ವರ್ಲ್ಡ್' ಬಗ್ಗೆ ಹೆಚ್ಚು ಹೇಳಲಾರೆ. 1964ರ ನ್ಯೂಯಾರ್ಕ್ ಜಾಗತಿಕ ಮೇಳಕ್ಕೆ ಮಾಡಿದ್ದು, 1966ರಲ್ಲಿ ಇಲ್ಲಿಗೆ ಬಂತು, 1997ರಿಂದ ಕ್ರಿಸ್‌ಮಸ್ ಕಾಲಕ್ಕೆ ಅಲಂಕಾರವೂ ಹಾಡೂ ಬದಲಾಗುತ್ತವೆ. ಮೇರಿ ಬ್ಲೇರ್ ಬಣ್ಣಗಳು ಸೊಗಸು. ಆದರೆ ಎಲ್ಲ ದೇಶದ ಮಕ್ಕಳಿಗೂ ಒಂದೇ ಮುಖ, ಒಂದೇ ಹಬ್ಬ. ಅಲ್ಲಿ ಯಾರಿಗೂ ಯಾರೂ ತೀರಿಕೊಂಡಿಲ್ಲ.

ದೆವ್ವದ ಮನೆ, ಅಂದರೆ ಹಾಂಟೆಡ್ ಮ್ಯಾನ್ಶನ್, ಬೇರೆ ಮಾತು. 1969ರಲ್ಲಿ ತೆರೆದ ಇದಕ್ಕೆ 2001ರಿಂದ ಹಬ್ಬದ ದಿನಗಳಲ್ಲಿ 'ದ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' (1993) ಚಿತ್ರದ ವೇಷ ತೊಡಿಸುತ್ತಾರೆ. ಆ ಚಿತ್ರದ ಜ್ಯಾಕ್, ದೆವ್ವಗಳ ಊರಿನವನು, ಕ್ರಿಸ್‌ಮಸ್ ಎಂಬ ಪರರ ಹಬ್ಬಕ್ಕೆ ಮನಸೋತು ಕಪ್ಪುಹಲಗೆಯ ಮೇಲೆ ಸೂತ್ರ ಬರೆದು ಅದನ್ನು ಅರ್ಥಮಾಡಿಕೊಳ್ಳಲು ನೋಡುತ್ತಾನೆ. ಪ್ರೀತಿಯಿಂದಲೇ ಎಲ್ಲ ತಪ್ಪು ಮಾಡುತ್ತಾನೆ. ಗ್ಯಾರೇಜಿನಿಂದ ಪ್ಲಾಸ್ಟಿಕ್ ಮರ ತೆಗೆದು, ಅದರ ಬುಡದಲ್ಲಿ ಗಣೇಶನನ್ನೂ ಇಡುವ ನಮಗೆ ಜ್ಯಾಕ್ ದೂರದವನಲ್ಲ.

ಒಳಗೆ ದೊಡ್ಡ ಹಜಾರವೊಂದರಲ್ಲಿ ಪಾರದರ್ಶಕ ದೆವ್ವಗಳು ನರ್ತಿಸುತ್ತವೆ. ಪ್ರೊಜೆಕ್ಟರ್ ಅಲ್ಲ, ಕಂಪ್ಯೂಟರ್ ಅಲ್ಲ. ನಮ್ಮೆದುರು ಭಾರೀ ಗಾಜೊಂದು ನಿಂತಿದೆ. ಗೊಂಬೆಗಳು ನಮಗೆ ಕಾಣದಂತೆ ನಮ್ಮ ಮೇಲೂ ಕೆಳಗೂ ಇವೆ, ಅವುಗಳ ಮೇಲೆ ಬೆಳಕು ಬಿದ್ದಾಗ ಪ್ರತಿಬಿಂಬ ಹಜಾರದ ನಡುವೆ ಮೂಡುತ್ತದೆ. (ಪ್ರತಿಬಿಂಬದಲ್ಲಿ ಎಡಬಲ ಅದಲುಬದಲಾಗಿ, ಜೋಡಿನೃತ್ಯದಲ್ಲಿ ಹೆಂಗಸರೇ ಗಂಡಸರನ್ನು ನಡೆಸುತ್ತಾರೆ. ತಪ್ಪೋ ನ್ಯಾಯವೋ, ನೀವೇ ಹೇಳಿ.) ಈ ತಂತ್ರಕ್ಕೆ 'ಪೆಪ್ಪರ್‌ನ ದೆವ್ವ' ಎಂದು ಹೆಸರು. ಹೆನ್ರಿ ಡರ್ಕ್ಸ್ ಯೋಚಿಸಿದ್ದು, ಜಾನ್ ಪೆಪ್ಪರ್ ರಂಗಕ್ಕೆ ಹೊಂದಿಸಿದ್ದು. ಮೊದಲು ತೋರಿಸಿದ್ದು 1862ರ ಕ್ರಿಸ್‌ಮಸ್ ಹಿಂದಿನ ದಿನ, ಲಂಡನ್ನಿನಲ್ಲಿ. ಅಂದು ಆಡಿದ್ದು ಡಿಕನ್ಸ್‌ನ 'ದ ಹಾಂಟೆಡ್ ಮ್ಯಾನ್' ಕಥೆಯ ದೃಶ್ಯ.

ಡಿಕನ್ಸ್‌ನ ಕ್ರಿಸ್‌ಮಸ್ ಪುಸ್ತಕಗಳಲ್ಲಿ ಸ್ಕ್ರೂಜ್‌ನದು ಎಲ್ಲರಿಗೂ ಗೊತ್ತು. 1848ರ ಈ ಕೊನೆಯದನ್ನು ಓದಿದವರು ಕಡಿಮೆ. ರೆಡ್‌ಲಾ ಎಂಬ ರಸಾಯನಶಾಸ್ತ್ರದ ಮೇಷ್ಟ್ರು ಕ್ರಿಸ್‌ಮಸ್ ಸಂಜೆ ಒಬ್ಬನೇ ಕೂತು ಹಳೆಯ ನೋವುಗಳನ್ನು ಮೆಲುಕು ಹಾಕುತ್ತಿರುತ್ತಾನೆ. ಅವನದೇ ಮುಖದ ದೆವ್ವವೊಂದು ಬಂದು ಒಪ್ಪಂದ ಮಾಡಿಕೊಳ್ಳುತ್ತದೆ: ನಿನ್ನ ದುಃಖದ ನೆನಪನ್ನೆಲ್ಲ ಅಳಿಸುತ್ತೇನೆ, ನೀನು ಮುಟ್ಟಿದವರದೂ ಅಳಿಯುತ್ತದೆ. ಅವನು ಒಪ್ಪುತ್ತಾನೆ. ಆಮೇಲೆ ಅವನು ಹೋದಲ್ಲೆಲ್ಲ ಜನ ಒರಟಾಗುತ್ತಾರೆ, ಬಡತನದಲ್ಲೂ ಹೊಂದಿಕೊಂಡಿದ್ದ ಗಂಡ ಹೆಂಡಿರು ಕಚ್ಚಾಡುತ್ತಾರೆ. ದುಃಖ ಹೋದರೆ ಅದರ ಜೊತೆ ಮಮತೆಯೂ ಹೋಗುತ್ತದೆ ಎಂಬುದು ಡಿಕನ್ಸ್‌ನ ಲೆಕ್ಕ. ಕಥೆ ಅಲ್ಲಲ್ಲಿ ಎಳೆಯುತ್ತದೆ, ಕೊನೆಯಲ್ಲಿ ಸಕ್ಕರೆ ಹೆಚ್ಚು. ಆದರೂ ಆ ಒಪ್ಪಂದದ ದೃಶ್ಯ ನನ್ನನ್ನು ಬಿಟ್ಟಿಲ್ಲ.

ಡಿಸ್ನಿಲ್ಯಾಂಡ್ ದಿನವಿಡೀ ಮುಂದಿಡುವುದು ರೆಡ್‌ಲಾನ ಒಪ್ಪಂದವನ್ನೇ ಎಂದು ನನ್ನ ವಾದ. ನಾನು ಹೋದದ್ದೂ ಅದಕ್ಕೇ, ಮರೆಯಲು. ಈ ಒಂದು ಮನೆ ಮಾತ್ರ ಒಪ್ಪಂದವನ್ನು ಮುರಿಯುತ್ತದೆ. ಹೊರಗೆ ಎಲ್ಲೂ ಇಲ್ಲದ ಸಾವಿಗೆ ಇಲ್ಲಿ ಒಂದು ಕೋಣೆಯಿದೆ, ಅದರಲ್ಲಿ ಸತ್ತವರು ಊಟಕ್ಕೆ ಕೂರುತ್ತಾರೆ.

2012ರ ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ ಅವಳನ್ನು ಇಲ್ಲಿಗೆ ಕರೆತಂದಿದ್ದೆವು. ಹಬ್ಬದ ವೇಷವಿಲ್ಲದ ದಿನಗಳಲ್ಲಿ ಈ ಸವಾರಿಯ ಕೊನೆಗೆ ಕನ್ನಡಿಗಳು ಬರುತ್ತವೆ, ಅವುಗಳಲ್ಲಿ ನಿಮ್ಮ ಪಕ್ಕದಲ್ಲೇ ಒಂದು ದೆವ್ವ ಕೂತಿರುತ್ತದೆ. ಬಂಡಿಯಲ್ಲಿ ಅಮ್ಮ, ನಾನು, ನಡುವೆ ಆರು ವರ್ಷದ ಮಗಳು. ಮಗಳು ಕಣ್ಣು ಮುಚ್ಚಿಕೊಂಡಳು. ಅಮ್ಮ ಸೆರಗು ಸರಿಮಾಡಿಕೊಂಡು ಕನ್ನಡಿಯನ್ನು ದಿಟ್ಟಿಸಿ, "ತಮಾ, ಇವನಿಗೂ ಟಿಕೀಟು ತಗೊಂಡ್ಯನೋ?" ಎಂದಳು.

ಈ ಸಲ ಬಂಡಿ ಆ ತಿರುವಿಗೆ ಬಂದಾಗ ನಾನು ಕನ್ನಡಿಯ ಕಡೆ ನೋಡಲಿಲ್ಲ. ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ಬೋದ್ರಿಯಾರನ ಇನ್ನೊಂದು ಮಾತು ಬಾಕಿಯಿದೆ. ಜನಜಂಗುಳಿಯ ಬೆಚ್ಚನೆ ಇರುವುದು ಒಳಗೆ, ಹೊರಗಿನ ಪಾರ್ಕಿಂಗ್ ಲಾಟಿನಲ್ಲಿರುವುದು ಪೂರ್ತಿ ಒಂಟಿತನ ಎಂಬರ್ಥದಲ್ಲಿ ಅವನು ಬರೆದಿದ್ದಾನೆ. ಪಾರ್ಕಿನ ಮುಂದಿದ್ದ ಆ ವಿಶಾಲ ಪಾರ್ಕಿಂಗ್ ಲಾಟ್ ಈಗಿಲ್ಲ. 2001ರಲ್ಲಿ ಅದೇ ಜಾಗದಲ್ಲಿ ಎರಡನೆಯ ಪಾರ್ಕು ತೆರೆಯಿತು, ಕಾರುಗಳು ಬಹುಮಹಡಿ ಕಟ್ಟಡ ಸೇರಿದವು. ಇದನ್ನು ಕೇಳಿದ್ದರೆ ಅವನಿಗೆ ಖುಷಿಯಾಗುತ್ತಿತ್ತೇನೋ. ಆದರೆ ನನಗೆ ಅವನ ನಕಾಶೆ ತಲೆಕೆಳಗಾಗಿ ಕಂಡಿತು.

ರಾತ್ರಿ ಹನ್ನೊಂದರ ಹೊತ್ತಿಗೆ ಆ ಕಟ್ಟಡದಲ್ಲಿ ಅರ್ಧ ಜನ ತಮ್ಮ ಕಾರು ಹುಡುಕುತ್ತಿದ್ದರು. ಹೆಗಲ ಮೇಲೆ ಮಗು ಮಲಗಿಸಿಕೊಂಡು ಕೀಲಿ ಒತ್ತುತ್ತಾ ಎಲ್ಲಿ ಕೂಗುತ್ತದೆಂದು ಕಿವಿಗೊಡುವವರು, ಬೆಳಿಗ್ಗೆ ಮಹಡಿಯ ಸಂಖ್ಯೆ ಬರೆದುಕೊಳ್ಳಲಿಲ್ಲವೆಂದು ಗಂಡನನ್ನು ಬೈಯುವವರು. ನನ್ನದು ಯಾವ ಮಹಡಿಯೆಂದು ನನಗೂ ಮರೆತಿತ್ತು. ಕಂಬದ ಕಟ್ಟೆಯ ಮೇಲೆ 'ಅಬುಎಲಾ' ಎಂದು ಅಚ್ಚಾದ ಕೆಂಪಂಗಿಯ ಅಜ್ಜಿಯೊಬ್ಬರು ಶೂ ಕಳಚಿ ಕೂತಿದ್ದರು, ಮಗ ಕಾರು ಹುಡುಕಲು ಹೋಗಿದ್ದ. ನಾನು ನಿಂತದ್ದನ್ನು ನೋಡಿ ಚೀಲ ಆಚೆ ಸರಿಸಿ ಪಕ್ಕದ ಜಾಗವನ್ನು ತಟ್ಟಿದರು. ಕೂತೆ. ಸ್ಪ್ಯಾನಿಷಿನಲ್ಲಿ ಏನೋ ಹೇಳಿದರು. ನನಗೆ ಆ ಭಾಷೆ ಬಾರದು. ಅವರು ಪಾದ ನೀವಿಕೊಳ್ಳುತ್ತಿದ್ದುದನ್ನು ನೋಡಿ "ಕಾಲು ನೋವಾ ಅಮ್ಮ?" ಎಂದು ಕನ್ನಡದಲ್ಲೇ ಕೇಳಿದೆ. ತಲೆಯಾಡಿಸಿದರು.

ಅವರ ಮಗ ಬರುವವರೆಗೂ ಕೂತಿದ್ದೆವು. ನನ್ನ ಕಾರು ಎರಡು ಮಹಡಿ ಮೇಲಿತ್ತು.