ಯುದ್ಧಕ್ಕೆ ಗಡುವು ಹಾಕುವವರು

ಜನರಿಗೆ ಬೇಡವಾದ ಯುದ್ಧವನ್ನು ಶಾಸನಸಭೆ ನಿಲ್ಲಿಸಬಲ್ಲುದೆ? ಅಮೆರಿಕದಲ್ಲಿ ಸೇನೆಯ ದಂಡನಾಯಕ ಅಧ್ಯಕ್ಷ, ಆದರೆ ಆ ಸೇನೆಗೆ ಹಣ ಮಂಜೂರು ಮಾಡುವುದು ಕಾಂಗ್ರೆಸ್. ಹಾಗಾಗಿ ಯುದ್ಧ ವಿರೋಧಿ ಸಂಸದರು ಅಲ್ಲಿ ಒಂದು ಪರಿಪಾಠ ಬೆಳೆಸಿಕೊಂಡಿದ್ದಾರೆ: ರಕ್ಷಣಾ ವೆಚ್ಚದ ಮಸೂದೆಗೇ ಸೇನೆ ವಾಪಸಾಗಬೇಕಾದ ತಾರೀಖನ್ನು ಸೇರಿಸಿಬಿಡುವುದು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ 1970ರಲ್ಲಿ ಮತ್ತು ಇರಾಕ್ ಯುದ್ಧ ನಡೆಯುತ್ತಿದ್ದಾಗ 2007ರಲ್ಲಿ ಇದರ ಎರಡು ದೊಡ್ಡ ಪ್ರಯೋಗಗಳು ನಡೆದವು. ಮೊದಲನೆಯದು ಮತದಾನದಲ್ಲೇ ಬಿತ್ತು. ಎರಡನೆಯದು ಎರಡೂ ಸದನಗಳಲ್ಲಿ ಗೆದ್ದು ಅಧ್ಯಕ್ಷರ ಮೇಜಿನವರೆಗೂ ಹೋಯಿತು. ಆದರೂ ಮೊದಲನೆಯದೇ ಹೆಚ್ಚು ಪ್ರಾಮಾಣಿಕ ಕೆಲಸವೆಂದು ನನ್ನ ತೀರ್ಮಾನ.

1970ರ ಏಪ್ರಿಲ್ ಕೊನೆಯಲ್ಲಿ ಅಧ್ಯಕ್ಷ ನಿಕ್ಸನ್ ಯುದ್ಧವನ್ನು ಕಾಂಬೋಡಿಯಕ್ಕೂ ವಿಸ್ತರಿಸಿದರು. ಮೇ 4ರಂದು ಓಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಆ ಬೇಗುದಿಯ ನಡುವೆ ಬಂದದ್ದು ಮೆಕ್‌ಗವರ್ನ್–ಹ್ಯಾಟ್‌ಫೀಲ್ಡ್ ತಿದ್ದುಪಡಿ. 1971ರ ಕೊನೆಯೊಳಗೆ ವಿಯೆಟ್ನಾಮಿನಿಂದ ಅಮೆರಿಕದ ಸೇನೆ ಪೂರ್ತಿ ಹೊರಬರಬೇಕು ಎಂಬುದು ಅದರ ಸಾರ. ತಂದವರು ಯುದ್ಧವನ್ನು ದೂರದಿಂದ ಕಂಡವರಲ್ಲ. ಡೆಮಾಕ್ರಟಿಕ್ ಪಕ್ಷದ ಜಾರ್ಜ್ ಮೆಕ್‌ಗವರ್ನ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಪೈಲಟ್ ಆಗಿದ್ದವರು. ರಿಪಬ್ಲಿಕನ್ ಪಕ್ಷದ ಮಾರ್ಕ್ ಹ್ಯಾಟ್‌ಫೀಲ್ಡ್ ನೌಕಾಪಡೆಯಲ್ಲಿದ್ದು, ಅಣುಬಾಂಬ್ ಬಿದ್ದ ಕೆಲವೇ ವಾರಗಳಲ್ಲಿ ಹಿರೋಷಿಮಾವನ್ನು ಕಣ್ಣಾರೆ ನೋಡಿದ್ದವರು.

ಸೆಪ್ಟೆಂಬರ್ 1ರಂದು ಸೆನೆಟ್ಟಿನಲ್ಲಿ, ತಿದ್ದುಪಡಿಯನ್ನು ಮತಕ್ಕೆ ಹಾಕುವ ಮುನ್ನ, ಮೆಕ್‌ಗವರ್ನ್ ಎದ್ದು ನಿಂತು ಸ್ವಲ್ಪ ಹೊತ್ತು ಮಾತಾಡಿದರು. ಐವತ್ತು ಸಾವಿರ ಅಮೆರಿಕನ್ ತರುಣರ ಅಕಾಲ ಮರಣದಲ್ಲಿ ಇಲ್ಲಿ ಕುಳಿತ ಪ್ರತಿಯೊಬ್ಬ ಸೆನೆಟರನಿಗೂ ಪಾಲಿದೆ, ಈ ಸಭಾಂಗಣವೇ ರಕ್ತ ನಾರುತ್ತಿದೆ ಎಂದರು. ಬಾವುಟ ಹೊದ್ದುಕೊಂಡು ‘ಯುದ್ಧ ಮುಂದುವರಿಯಲಿ’ ಎನ್ನುವುದಕ್ಕೆ ಧೈರ್ಯವೇನೂ ಬೇಕಿಲ್ಲ, ಸುರಿಯುತ್ತಿರುವುದು ನಮ್ಮ ರಕ್ತವಲ್ಲವಲ್ಲ ಎಂದರು. ಸಭೆ ಸ್ತಬ್ಧವಾಯಿತು. ಮಾತು ಮುಗಿದ ಮೇಲೆ ಒಬ್ಬ ಸಹೋದ್ಯೋಗಿ ಬಂದು, ನಿಮ್ಮ ಮಾತಿನಿಂದ ನನಗೆ ವೈಯಕ್ತಿಕವಾಗಿ ಅವಮಾನವಾಯಿತು ಎಂದಾಗ, ನನ್ನ ಉದ್ದೇಶವೂ ಅದೇ ಆಗಿತ್ತು ಎಂದು ಮೆಕ್‌ಗವರ್ನ್ ಉತ್ತರಿಸಿದರಂತೆ. ತಿದ್ದುಪಡಿ 55–39ರಲ್ಲಿ ಬಿದ್ದುಹೋಯಿತು.

ಆ ಭಾಷಣದ ಬೆಲೆ ಅದರ ಕಟುತನದಲ್ಲಷ್ಟೇ ಇಲ್ಲ. 1964ರ ಟೊಂಕಿನ್ ಕೊಲ್ಲಿ ನಿರ್ಣಯ ಅಧ್ಯಕ್ಷ ಜಾನ್ಸನ್‌ಗೆ ಯುದ್ಧದ ಪರವಾನಗಿ ಕೊಟ್ಟಾಗ ಸೆನೆಟ್ಟಿನಲ್ಲಿ ವಿರೋಧಿಸಿದವರು ಇಬ್ಬರೇ. ಪರವಾಗಿ ಮತ ಹಾಕಿದ 88 ಮಂದಿಯಲ್ಲಿ ಮೆಕ್‌ಗವರ್ನ್ ಕೂಡ ಒಬ್ಬರು. ‘ಪ್ರತಿಯೊಬ್ಬ ಸೆನೆಟರ್’ ಎಂದಾಗ ಅವರು ತಮ್ಮನ್ನೂ ಅದರಲ್ಲಿ ಸೇರಿಸಿಯೇ ಹೇಳಿದ್ದರು. ವಾಪಸಾತಿಯ ಪ್ರಶ್ನೆಯನ್ನು ಅಧ್ಯಕ್ಷರ ತಪ್ಪಿನ ಪಟ್ಟಿ ಮಾಡುವುದರಿಂದ ಬಿಡಿಸಿ, ಸದನದ ಹೊಣೆಗಾರಿಕೆಯ ಪ್ರಶ್ನೆಯಾಗಿ ಮಾಡಿದ್ದು ಆ ದಿನದ ಸಾಧನೆ. ಅದಕ್ಕೆ ಅವರು ತೆತ್ತ ಬೆಲೆಯೂ ದೊಡ್ಡದು. 1972ರ ಅಧ್ಯಕ್ಷೀಯ ಚುನಾವಣೆಯಲ್ಲಿ ಇದೇ ವಾಪಸಾತಿಯ ಮಾತು ಹಿಡಿದು ನಿಂತ ಅವರು 50 ರಾಜ್ಯಗಳಲ್ಲಿ 49ನ್ನು ಕಳೆದುಕೊಂಡರು.

ಗಡುವಿನ ವಿರೋಧಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ತಾರೀಖು ಗೊತ್ತಾದರೆ ಶತ್ರು ಅಲ್ಲಿಯವರೆಗೆ ಕಾದು ಕುಳಿತಿರುತ್ತಾನೆ, ಸಂಧಾನದ ಮೇಜಿನಲ್ಲಿ ನಮ್ಮ ಕೈ ಬರಿದಾಗುತ್ತದೆ, ನಮ್ಮನ್ನು ನಂಬಿದ ಸ್ಥಳೀಯರು ಬೀದಿಪಾಲಾಗುತ್ತಾರೆ ಎಂಬುದು ಅವರ ಅಳಲು. 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಬಿದ್ದಾಗ ಆ ಮೂರನೆಯ ಭಯ ನಿಜವಾಯಿತು. ಆದರೆ ಗಡುವನ್ನು ಸೋಲಿಸಿದ್ದರಿಂದ ಅದು ತಪ್ಪಿತೆ? ಇಲ್ಲ. 1973ರ ಮಾರ್ಚ್‌ವರೆಗೆ ಸೇನೆ ಅಲ್ಲೇ ಉಳಿಯಿತು, ಇನ್ನೂ ಸಾವಿರಾರು ಅಮೆರಿಕನ್ನರೂ ಲೆಕ್ಕವಿಲ್ಲದಷ್ಟು ವಿಯೆಟ್ನಾಮಿಯರೂ ಸತ್ತರು, ಸೈಗಾನ್ ಉಳಿಯಲಿಲ್ಲ.

ಇನ್ನು 2007. ಇರಾಕ್ ಯುದ್ಧದ ಮೇಲಿನ ಸಿಟ್ಟಿನಿಂದ ಜನ ಹಿಂದಿನ ವರ್ಷವಷ್ಟೇ ಕಾಂಗ್ರೆಸ್ಸನ್ನು ಡೆಮಾಕ್ರಟರ ಕೈಗೆ ಕೊಟ್ಟಿದ್ದರು. ಅಧ್ಯಕ್ಷ ಬುಷ್ ಮಾತ್ರ ಜನವರಿಯಲ್ಲಿ ಇನ್ನೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸುವುದಾಗಿ ಘೋಷಿಸಿದರು. ಯುದ್ಧವೆಚ್ಚದ ಪೂರಕ ಮಸೂದೆಗೆ ಡೆಮಾಕ್ರಟರು ವಾಪಸಾತಿಯ ಗಡುವು ಸೇರಿಸಿದರು. ಮಾರ್ಚ್ 23ರಂದು ಕೆಳಮನೆಯಲ್ಲಿ ಅದು 218–212ರಲ್ಲಿ ಪಾಸಾಯಿತು. ಆ ಕೂದಲೆಳೆಯ ಗೆಲುವಿಗೆ ಮಸೂದೆಯೊಳಗೆ ಏನೇನು ತುಂಬಿದರೆಂದು ನೋಡಬೇಕು: ಪಾಲಕ್ ಬೆಳೆಗಾರರಿಗೆ 2.5 ಕೋಟಿ ಡಾಲರ್, ಕಡಲೆಕಾಯಿ ದಾಸ್ತಾನಿಗೆ 7.4 ಕೋಟಿ ಡಾಲರ್. ಬಾಗ್ದಾದಿನ ಬೀದಿಗಳಲ್ಲಿ ಹೆಣಗಳು ಬೀಳುತ್ತಿದ್ದಾಗ ಯುದ್ಧ ನಿಲ್ಲಿಸುವ ಮತಗಳನ್ನು ಹೀಗೆ ಕೂಡಿಹಾಕಿದ್ದು ನನಗೆ ಕ್ಷಮಿಸಲಾಗದ ಸಂಗತಿ. ಎದುರಾಳಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇರೆ ಬೇಕಿರಲಿಲ್ಲ.

ಅಂತಿಮ ಮಸೂದೆಯಲ್ಲಿ ಗಡುವು ಇನ್ನಷ್ಟು ಸಡಿಲವಾಯಿತು. ವಾಪಸಾತಿ ಅಕ್ಟೋಬರ್ 1ರೊಳಗೆ ಶುರುವಾಗಬೇಕು, ಮುಗಿಯುವ ತಾರೀಖು ಮಾತ್ರ ಬರಿಯ ಗುರಿ, ಕಟ್ಟುಪಾಡಲ್ಲ. ಮೇ 1ರಂದು ಬುಷ್ ವಿಟೊ ಹಾಕಿದರು. ಮರುದಿನ ಅದನ್ನು ಮೀರಲು ನಡೆದ ಮತದಾನದಲ್ಲಿ 222–203 ಬಂತು, ಮೂರನೇ ಎರಡರ ಹತ್ತಿರಕ್ಕೂ ಹೋಗಲಿಲ್ಲ. ತಿಂಗಳು ಮುಗಿಯುವ ಮೊದಲೇ ಅದೇ ಕಾಂಗ್ರೆಸ್ ಗಡುವಿಲ್ಲದೆ ಹಣ ಕೊಟ್ಟಿತು. ಅಮೆರಿಕದ ಸೈನಿಕರು ಇರಾಕಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಸತ್ತದ್ದು ಆ ವರ್ಷವೇ.

ಯಾಕೆ ಮಣಿದರು? ಹಣ ತಡೆದರೆ ‘ರಣರಂಗದಲ್ಲಿರುವ ಹುಡುಗರ ಕೈಬಿಟ್ಟರು’ ಎಂಬ ಮಾತು ಬರುತ್ತದೆಂಬ ಅಂಜಿಕೆ. ಈ ಪರಿಪಾಠದ ಹುಟ್ಟುದೋಷ ಇರುವುದು ಇಲ್ಲೇ. ಗಡುವನ್ನು ಹಣಕ್ಕೆ ಕಟ್ಟಿದ ತಕ್ಷಣ ಚರ್ಚೆಯ ವಿಷಯ ಯುದ್ಧ ಸರಿಯೋ ತಪ್ಪೋ ಎಂಬುದರಿಂದ ಸೈನಿಕರ ಊಟ, ಗುಂಡು, ಕವಚದ ಕಡೆಗೆ ಜಾರುತ್ತದೆ. ಅಲ್ಲಿ ಯಾವ ವಿರೋಧಿಯೂ ಗೆಲ್ಲಲಾರ. ಇದಕ್ಕೆ ಎದುರಾಗಿ ನಿಲ್ಲಲು ಬೇಕಾದ ಮಾತು ಒಂದೇ: ಇವರನ್ನು ಕಳಿಸಿದವರು ನಾವು, ಕರೆಸಿಕೊಳ್ಳುವ ಹೊಣೆಯೂ ನಮ್ಮದು. 2002ರಲ್ಲಿ ಇರಾಕ್ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿದ್ದ ಅನೇಕ ಡೆಮಾಕ್ರಟರು ಆ ಮಾತಿನ ಮೊದಲರ್ಧವನ್ನು ಗಟ್ಟಿಯಾಗಿ ಹೇಳಲು ಹಿಂಜರಿದರು. ಹಾಗಾಗಿ ಎರಡನೆಯರ್ಧಕ್ಕೆ ಬಲ ಬರಲಿಲ್ಲ.

ಕೊನೆಗೆ ತಾರೀಖು ಬಂದದ್ದು ಎಲ್ಲಿಂದ? ಬಾಗ್ದಾದಿನಿಂದ. 2008ರಲ್ಲಿ ಇರಾಕಿನ ಪ್ರಧಾನಿ ನೂರಿ ಅಲ್-ಮಾಲಿಕಿಯವರ ಸರ್ಕಾರ ಪಟ್ಟು ಹಿಡಿದು, 2011ರ ಡಿಸೆಂಬರ್ 31ರೊಳಗೆ ಅಮೆರಿಕದ ಸೇನೆ ಪೂರ್ತಿ ಹೋಗಬೇಕೆಂಬ ಒಪ್ಪಂದಕ್ಕೆ ಅದೇ ಬುಷ್ ಸರ್ಕಾರದ ಸಹಿ ಪಡೆಯಿತು. ಇರಾಕಿನ ಸಂಸತ್ತು ಅದನ್ನು ಚರ್ಚಿಸಿ ಮತಕ್ಕೆ ಹಾಕಿತು. ಅಮೆರಿಕದ ಸೆನೆಟ್ಟಿನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ವಾಷಿಂಗ್ಟನ್ನಿನ ಅಷ್ಟೂ ಗಡುವು ಚರ್ಚೆಯಲ್ಲಿ ಇರಾಕಿಗಳಿಗೆ ಏನು ಬೇಕು ಎಂಬ ಪ್ರಶ್ನೆ ಮೂಲೆಗೆ ಬಿದ್ದಿತ್ತು, ಉತ್ತರ ಬಂದದ್ದು ಆ ಮೂಲೆಯಿಂದಲೇ.

ನಮಗೂ ಇಂಥ ಅನುಭವವಿದೆ. 1987ರ ಜುಲೈನಲ್ಲಿ ಭಾರತ–ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿದ್ದ ಬೆನ್ನಿಗೇ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾದಲ್ಲಿ ಇಳಿಯಿತು. ಸಂಸತ್ತು ಮತ ಹಾಕಿ ಕಳಿಸಿದ್ದಲ್ಲ. 1989ರಲ್ಲಿ ಜುಲೈ 29ರೊಳಗೆ ಜಾಗ ಖಾಲಿ ಮಾಡಿ ಎಂದು ಗಡುವು ಕೊಟ್ಟವರು ಅಲ್ಲಿನ ಅಧ್ಯಕ್ಷ ಪ್ರೇಮದಾಸ. ತಮಿಳರ ಸುರಕ್ಷತೆಗೆ ಖಾತರಿ ಸಿಗದೆ ಹೊರಡಲಾಗದು ಎಂದು ರಾಜೀವ್ ಗಾಂಧಿ ಸರ್ಕಾರ ಹೇಳಿತು. ವಿ.ಪಿ. ಸಿಂಗ್ ಸರ್ಕಾರ ಬಂದ ಮೇಲೆ, 1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕಾಮಲಿ ಬಿಟ್ಟಿತು. ಸುಮಾರು 1,200 ಭಾರತೀಯ ಯೋಧರು ಸತ್ತಿದ್ದರು. ಮರಳಿದ ಪಡೆಯನ್ನು ಮದ್ರಾಸಿನಲ್ಲಿ ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಅವರ ಸಿಟ್ಟಿಗೆ ಕಾರಣಗಳಿದ್ದವು. ಆದರೆ ಆ ಸಿಟ್ಟು ಇಳಿಯಬೇಕಾಗಿದ್ದು ಕಳಿಸಿದವರ ಮೇಲೆ, ಹೋಗಿಬಂದವರ ಮೇಲಲ್ಲ. ಇಷ್ಟೆಲ್ಲ ಆದರೂ, ಸೇನೆಯನ್ನು ಹೊರದೇಶಕ್ಕೆ ಕಳಿಸುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ಕಾನೂನು ನಮ್ಮಲ್ಲಿ ಇಂದಿಗೂ ಇಲ್ಲ.

ಗಡುವಿನ ಮಸೂದೆಯನ್ನು ತೂಗಬೇಕಾದದ್ದು ಅದಕ್ಕೆ ಎಷ್ಟು ಮತ ಬಿತ್ತು ಎಂಬುದರಿಂದಲ್ಲ. ಕಳಿಸಿದ ತಪ್ಪಿನಲ್ಲಿ ತಮ್ಮ ಪಾಲನ್ನು ಸದಸ್ಯರು ಬಾಯಿಬಿಟ್ಟು ಒಪ್ಪಿಕೊಂಡರೆ? ಯುದ್ಧಭೂಮಿಯ ಜನರ ಮಾತಿಗೆ ಅದರಲ್ಲಿ ಜಾಗವಿತ್ತೆ? ಸೇನೆಯನ್ನು ನಂಬಿ ಕೆಲಸ ಮಾಡಿದ ಸ್ಥಳೀಯರ ಗತಿಯೇನು ಎಂದು ಅದು ಹೇಳಿತೆ? 1970ರ ತಿದ್ದುಪಡಿ ಮೊದಲ ಪ್ರಶ್ನೆಯಲ್ಲಿ ಪಾಸು, ಉಳಿದೆರಡರಲ್ಲಿ ಅರೆಬರೆ. 2007ರ ಮಸೂದೆ ಮೂರರಲ್ಲೂ ಫೇಲು. ಸೈನಿಕರನ್ನು ಕಳಿಸುವ ದಿನವೇ ಈ ಮೂರು ಪ್ರಶ್ನೆಗಳನ್ನು ಎತ್ತುವ ಧೈರ್ಯ ಸಂಸತ್ತುಗಳಿಗೆ ಬರಬೇಕು. ವರ್ಷಗಳ ನಂತರ, ಸಾವಿನ ಲೆಕ್ಕ ಬೆಳೆದ ಮೇಲೆ ಹಾಕುವ ಗಡುವು ಯಾವತ್ತಿಗೂ ತಡವಾದ ಗಡುವೇ.