ಅಮ್ಮನ ಮದುವೆಗೆ ಮಕ್ಕಳ ಒಪ್ಪಿಗೆ

ನಮ್ಮೂರು ಆನಂದಪುರದ ಪಕ್ಕದ ಮಲಂದೂರಿನಲ್ಲಿ ಚಂಪಕ ಸರಸ್ಸು ಎಂಬ ಕೊಳವಿದೆ. ಕೆಳದಿಯ ಅರಸ ವೆಂಕಟಪ್ಪ ನಾಯಕ, ಅಂಗಳದಲ್ಲಿ ಚೆಂದದ ರಂಗೋಲಿ ಹಾಕುತ್ತಿದ್ದ ಚಂಪಕಾ ಎಂಬ ಹೆಣ್ಣಿಗೆ ಮನಸೋತನಂತೆ. ಅವನಿಗೆ ಆಗಲೇ ಹೆಂಡತಿಯಿದ್ದಳು. ರಾಣಿ ನೊಂದಳು, ಊರು ಆಡಿಕೊಂಡಿತು, ಕೊನೆಗೆ ಪ್ರಾಣ ಬಿಟ್ಟವಳು ಚಂಪಕಾ. ಅವಳ ನೆನಪಿಗೆ ಅರಸ ಕಟ್ಟಿಸಿದ್ದು ಈ ಕೊಳ. ಇದು ನಮ್ಮ ಕಡೆ ಹೇಳುವ ಕಥೆ. ಈಗ ಅಲ್ಲಿಗೆ ಮದುವೆ ನಿಶ್ಚಯವಾದ ಜೋಡಿಗಳು ಫೋಟೋ ತೆಗೆಸಿಕೊಳ್ಳಲು ಬರುತ್ತವೆ. ಒಂದು ತಡವಾದ ಪ್ರೀತಿ ಹೇಗೆ ಮುಗಿಯಿತು ಎನ್ನುವುದಕ್ಕೆ ಸಾಕ್ಷಿಯಾದ ಮೆಟ್ಟಿಲ ಮೇಲೆ ನಿಂತು ನಗುತ್ತವೆ. ನನಗೂ ಬಹಳ ದಿನ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ನಡುವಯಸ್ಸಿನಲ್ಲಿ ಮತ್ತೆ ಪ್ರೀತಿಸುವವರ ಬಗ್ಗೆ ಕನ್ನಡದಲ್ಲಿ ಹಾಸ್ಯ ಇಲ್ಲವೆಂದಲ್ಲ. ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಹವಿಗನ್ನಡದಲ್ಲಿ ಬರೆದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು ಹೊಸಗನ್ನಡದ ಮೊದಲ ಸಾಮಾಜಿಕ ನಾಟಕಗಳ ಸಾಲಿನಲ್ಲಿ ಓದುತ್ತೇವೆ. ಹಣಕ್ಕೆ ಹೆಣ್ಣು ಕೊಡುವ, ವಯಸ್ಸಾದವನಿಗೆ ಎಳೆಯ ಹುಡುಗಿಯನ್ನು ಕಟ್ಟುವ ಪದ್ಧತಿಯ ಮೇಲೆ ಬಿದ್ದ ಏಟು ಅದು. ಬೀಳಲೇಬೇಕಾದ ಏಟು. ಆದರೆ ಆಮೇಲೆ ನಮ್ಮ ನಗೆಗೆ ಅದೊಂದೇ ದಿಕ್ಕು ರೂಢಿಯಾಯಿತೇನೋ ಅನ್ನಿಸುತ್ತದೆ. ತಲೆ ನರೆತ ಗಂಡಸಿಗೆ ಮದುವೆಯ ಆಸೆಯಾದರೆ ಅದು ಪ್ರಹಸನ. ಅದೇ ವಯಸ್ಸಿನ ಹೆಂಗಸಿಗೆ ಆಸೆಯಾದರೆ? ಅವಳಿಗೆ ಕೊಳ. ನಗೆಯಲ್ಲಿ ಅವಳಿಗೆ ಪಾತ್ರವೇ ಇರಲಿಲ್ಲ.

ಈ ಪಾತ್ರವನ್ನು ಅವಳಿಗೆ ಕೊಡಲು ಹೊರಟ ಸಿನಿಮಾ ಕವಿತಾ ಲಂಕೇಶ್ ಅವರ ‘ಪ್ರೀತಿ ಪ್ರೇಮ ಪ್ರಣಯ’ (2003). ಸಂಗಾತಿಯನ್ನು ಕಳೆದುಕೊಂಡ ಇಬ್ಬರು, ಅನಂತ್‌ನಾಗ್ ಮತ್ತು ಭಾರತಿ ವಿಷ್ಣುವರ್ಧನ್, ಹತ್ತಿರವಾಗುತ್ತಾರೆ. ಬೆಳೆದ ಮಕ್ಕಳು ಅಡ್ಡ ಬರುತ್ತಾರೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಈ ಭಾರತಿಯೇ 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜೀವನ ಹೆಂಡತಿ ಲಕ್ಷ್ಮಿ. ಲಕ್ಷ್ಮಿ ಸತ್ತ ಮೇಲೆ ರಾಜೀವ ಇನ್ನೊಬ್ಬಳನ್ನು ನೋಡುವುದಿಲ್ಲ. ಹಾಗೆ ನೋಡದೇ ಇರುವುದೂ ಸೇರಿಯೇ ಅವನು ಬಂಗಾರದವನು. ಮೂವತ್ತು ವರ್ಷಗಳ ಮೇಲೆ ಅದೇ ನಟಿಯ ಕೈಗೆ ಬೇರೆ ಕಥೆಯನ್ನು ಕೊಟ್ಟದ್ದು ಸಣ್ಣ ಧೈರ್ಯವಲ್ಲ.

ನಾರ್ತ್ರಪ್ ಫ್ರೈ ‘ಅನಾಟಮಿ ಆಫ್ ಕ್ರಿಟಿಸಿಸಂ’ನಲ್ಲಿ (1957) ಹೇಳುವ ಹಾಸ್ಯನಾಟಕದ ಕಟ್ಟು ಬಹಳ ಸರಳ. ಹುಡುಗ ಹುಡುಗಿ ಸೇರಬೇಕು, ಹಿರಿಯರು, ಸಾಮಾನ್ಯವಾಗಿ ಒಬ್ಬ ಅಪ್ಪ, ಅಡ್ಡ ನಿಲ್ಲುತ್ತಾರೆ, ಕೊನೆಗೆ ಅಡ್ಡಿ ಕರಗಿ ಹಬ್ಬದೂಟ. ನಡುವಯಸ್ಸಿನ ಪ್ರೇಮಕಥೆ ಈ ಕಟ್ಟನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ಅಡ್ಡ ನಿಲ್ಲುವವರು ಮಕ್ಕಳು. ಕೇಳಲು ತಮಾಷೆಯಾಗಿದೆ, ಆದರೆ ಕಷ್ಟವಿರುವುದೂ ಇಲ್ಲೇ. ಅಪ್ಪನ ವಿರುದ್ಧ ಮಗಳು ಓಡಿಹೋದರೆ ಪ್ರೇಕ್ಷಕರು ಶಿಳ್ಳೆ ಹೊಡೆಯುತ್ತಾರೆ. ಮಗಳ ವಿರುದ್ಧ ಅಮ್ಮ ಓಡಿಹೋಗುವ ಹಾಗಿಲ್ಲ. ಅವಳು ಕಾಯಬೇಕು, ಒಪ್ಪಿಸಬೇಕು. ಅದಕ್ಕೇ ನಮ್ಮ ಈ ಬಗೆಯ ಕಥೆಗಳಲ್ಲಿ ಪ್ರೇಮಿಗಳಿಗಿಂತ ಹೆಚ್ಚು ಮಾತಾಡುವವರು ಉಳಿದವರು.

ಸ್ಟ್ಯಾನ್ಲಿ ಕ್ಯಾವೆಲ್ ಮರುಮದುವೆಯ ಹಾಸ್ಯಚಿತ್ರಗಳ ಬಗ್ಗೆ ಇಡೀ ಪುಸ್ತಕವನ್ನೇ ಬರೆದಿದ್ದಾನೆ, ‘ಪರ್ಸೂಟ್ಸ್ ಆಫ್ ಹ್ಯಾಪಿನೆಸ್’ (1981). ‘ದಿ ಫಿಲಡೆಲ್ಫಿಯಾ ಸ್ಟೋರಿ’ಯಂಥ ಹಳೆಯ ಹಾಲಿವುಡ್ ಚಿತ್ರಗಳಲ್ಲಿ ಬೇರೆಯಾದ ಗಂಡ ಹೆಂಡತಿ ಜಗಳವಾಡುತ್ತಲೇ ಮತ್ತೆ ಒಂದಾಗುತ್ತಾರೆ. ಆ ನಾಯಕಿಯರು ತಾಯಂದಿರಲ್ಲ ಎನ್ನುವುದನ್ನು ಕ್ಯಾವೆಲ್ ಗುರುತಿಸುತ್ತಾನೆ. ಪಿಎಚ್.ಡಿ. ಟಿಪ್ಪಣಿ ಮಾಡಿಕೊಳ್ಳುವಾಗ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ನಮ್ಮಲ್ಲಿ ಪೂರ್ತಿ ಉಲ್ಟಾ. ಎರಡನೇ ಸಲ ಪ್ರೀತಿಸುವವಳು ಮೊದಲು ತಾಯಿಯೆಂದು ಸಾಬೀತುಪಡಿಸಬೇಕು. ಮಕ್ಕಳನ್ನು ಓದಿಸಿ, ಮದುವೆ ಮಾಡಿ, ಎಲ್ಲ ಲೆಕ್ಕ ಚುಕ್ತಾ ಆದ ಮೇಲೆ ಪಿಂಚಣಿಯ ಹಾಗೆ ಅವಳಿಗೊಂದು ಪ್ರೀತಿ ಮಂಜೂರಾಗುತ್ತದೆ. ಮೂವತ್ತೆಂಟಕ್ಕೋ ನಲವತ್ತೆರಡಕ್ಕೋ ಅರ್ಜಿ ಹಾಕುವ ಹಾಗಿಲ್ಲ. ‘ಪ್ರೀತಿ ಪ್ರೇಮ ಪ್ರಣಯ’ದ ಜೋಡಿ ಕೂಡ ನಡುವಯಸ್ಸನ್ನು ದಾಟಿದವರೇ.

ಆ ಚಿತ್ರದ ಬಗ್ಗೆ ನನ್ನ ತಕರಾರು ಇನ್ನೊಂದಿದೆ. ‘ಗಣೇಶನ ಮದುವೆ’ಯ (1990) ಅನಂತ್‌ನಾಗ್‌ರನ್ನು ನೆನಪಿಸಿಕೊಳ್ಳಿ. ವಠಾರದಲ್ಲಿ ದಿನಾ ಕಚ್ಚಾಡುವ ನೆರೆಮನೆಯವಳೇ ತಾನು ಪತ್ರದಲ್ಲಿ ಪ್ರೀತಿಸುತ್ತಿರುವವಳು ಎಂದು ತಿಳಿಯದ ಪೆದ್ದ. ಪ್ರೇಮಹಾಸ್ಯಕ್ಕೆ ಬೇಕಾದದ್ದೇ ಆ ಪೆದ್ದುತನ. ಪ್ರೇಮಿ ಸುಳ್ಳು ಹೇಳಬೇಕು, ಸಿಕ್ಕಿಬೀಳಬೇಕು, ಹೊಟ್ಟೆಕಿಚ್ಚು ಪಡಬೇಕು. 2003ರ ಅನಂತ್‌ನಾಗ್ ತುಂಬ ಘನವಂತರು. ಪ್ರೇಕ್ಷಕರು ನಕ್ಕುಬಿಟ್ಟರೆ ಎಂಬ ಅಳುಕು ಚಿತ್ರಕ್ಕಿದೆ, ಇಗ್ಗಪ್ಪ ಹೆಗಡೆಯ ನೆರಳು ಹಿಂದೆ ನಿಂತಿರುವ ಹಾಗೆ. ಹಾಗಾಗಿ ಪ್ರೀತಿಯ ಜಾಗಕ್ಕೆ ‘ಆಸರೆ’ ಬಂದು ಕೂರುತ್ತದೆ. ಕೊನೆಗಾಲಕ್ಕೊಂದು ಜೊತೆ, ಒಂದು ಲೋಟ ಬಿಸಿನೀರು ಕೊಡುವ ಕೈ. ಆಸರೆ ಒಳ್ಳೆಯ ಮಾತೇ. ಆದರೆ ಇಪ್ಪತ್ತೈದರ ಹುಡುಗಿಗೆ ಆಸರೆಗಾಗಿ ಮದುವೆಯಾಗು ಎಂದರೆ ಅವಳು ಎದ್ದು ಹೋಗುತ್ತಾಳೆ. ನಲವತ್ತೈದರವಳು ಮಾತ್ರ ಅದಕ್ಕೆ ಕೃತಜ್ಞಳಾಗಿರಬೇಕು.

2022ರಲ್ಲಿ ಜೀ ಕನ್ನಡದಲ್ಲಿ ‘ಶ್ರೀರಸ್ತು ಶುಭಮಸ್ತು’ ಶುರುವಾದಾಗ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಎಂದಿನಂತೆ ಮೂಗು ಮುರಿದೆವು. ಅದು ತಪ್ಪಾಯಿತು ಎಂದು ಈಗ ಅನ್ನಿಸುತ್ತದೆ. 1986ರಲ್ಲಿ ‘ಆನಂದ್’ ಚಿತ್ರದ ಹುಡುಗಿಯಾಗಿ ಬಂದ ಸುಧಾರಾಣಿ ಇಲ್ಲಿ ತುಳಸಿ, ಬೆಳೆದ ಮಗನಿರುವ ವಿಧವೆ. ಅಜಿತ್ ಹಂದೆಯವರ ಮಾಧವನಿಗೂ ಬೆಳೆದ ಗಂಡುಮಕ್ಕಳು. ಆಸರೆಯ ಮಾತು ಇಲ್ಲೂ ಧಾರಾಳವಾಗಿದೆ, ತುಳಸಿಯ ಸಹನೆಯಂತೂ ಒಮ್ಮೊಮ್ಮೆ ತಲೆಚಿಟ್ಟು ಹಿಡಿಸುತ್ತದೆ. ಆದರೆ ಧಾರಾವಾಹಿಗೆ ಸಿನಿಮಾಕ್ಕಿಲ್ಲದ ಒಂದು ಅನುಕೂಲವಿದೆ: ಅದು ಮದುವೆಯಲ್ಲಿ ಮುಗಿಯುವ ಹಾಗಿಲ್ಲ. ಮದುವೆಯಾದ ಮೇಲೂ ದಿನಕ್ಕೆ ಅರ್ಧ ಗಂಟೆ ಆ ಇಬ್ಬರೂ ಒಂದೇ ಮನೆಯಲ್ಲಿ ಬದುಕಬೇಕು. ಹಾಗೆ ಬದುಕುತ್ತಾ ಬದುಕುತ್ತಾ ಒಂದು ದಿನ ತುಳಸಿ ಗರ್ಭಿಣಿಯಾದಳು.

ಅಲ್ಲಿಯವರೆಗೆ ತುಳಸಿಯ ಪರವಾಗಿದ್ದ ನಮ್ಮ ಬೀದಿ ಎರಡು ಭಾಗವಾಯಿತು. ಪಕ್ಕದ ಮನೆಯವರು “ಇದು ಅತಿಯಾಯ್ತು” ಎಂದರು. ಅಜ್ಜಿ ಚಾನೆಲ್ ಬದಲಿಸಲು ಹೇಳಿದರು. ಹಿಂದಿಯ ‘ಬಧಾಯಿ ಹೋ’ (2018) ಇದೇ ನಾಚಿಕೆಯನ್ನು ಎತ್ತಿಕೊಂಡು ಮಕ್ಕಳನ್ನೇ ನಗೆಗೀಡು ಮಾಡಿತ್ತು, ಆದರೆ ಅಲ್ಲಿನವರು ಮೊದಲಿನಿಂದ ಗಂಡ ಹೆಂಡತಿ. ತುಳಸಿಯದು ಎರಡನೇ ಮದುವೆ, ಆಸರೆಯೆಂದು ನಾವೆಲ್ಲ ಸಹಿ ಹಾಕಿಕೊಟ್ಟ ಮದುವೆ. ಅದರೊಳಗೆ ದೇಹವೂ ಇತ್ತೇ ಎಂದು ಎಲ್ಲರಿಗೂ ಗಾಬರಿ. ಕಥೆ ಎಳೆಯಲು ಹಾಕಿದ ತಿರುವು ಅದು ಎನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೂ ‘ಪ್ರೀತಿ ಪ್ರೇಮ ಪ್ರಣಯ’ ಘನತೆಯಿಂದ ಮುಚ್ಚಿಟ್ಟದ್ದನ್ನು ಈ ಧಾರಾವಾಹಿ ಎಡವಿಯಾದರೂ ಹಜಾರಕ್ಕೆ ತಂದಿಟ್ಟಿತು.

ಚಾನೆಲ್ ಬದಲಿಸಬೇಡ ಎಂದದ್ದು ಅಮ್ಮ. ಅಪ್ಪ ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ನಾನು ಎಂ.ಎ. ಓದುವಾಗ, ಅಮ್ಮನಿಗೆ ಆಗ ನಲವತ್ತಾರು, ಹೊಸನಗರದ ಕಡೆಯಿಂದ ನೆಂಟರೊಬ್ಬರು ಒಂದು ಪ್ರಸ್ತಾಪ ತಂದಿದ್ದರು. ಹೆಂಡತಿ ತೀರಿಕೊಂಡ ಮೇಷ್ಟ್ರು. ಅಮ್ಮ ಫೋನಿನಲ್ಲಿ ಅದನ್ನು ನಗುತ್ತಲೇ ಹೇಳಿದರು. ಆ ವಾರ ನಾನು ಸ್ತ್ರೀವಾದಿ ವಿಮರ್ಶೆಯ ಮೇಲೆ ಸೆಮಿನಾರ್ ಪ್ರಬಂಧ ಬರೆಯುತ್ತಿದ್ದೆ. ನಾನೂ ನಕ್ಕೆ. “ಈ ವಯಸ್ಸಲ್ಲಾ ಅಮ್ಮಾ? ಜನ ಏನಂತಾರೆ?” ಎಂದೆ. ಅವರು “ಅದೇ ಮತ್ತೆ” ಎಂದು ಅಡಿಕೆ ಸುಲಿಯಲು ಜನ ಸಿಗದಿರುವ ಕಷ್ಟಕ್ಕೆ ಮಾತು ತಿರುಗಿಸಿದರು. ಫ್ರೈಯ ಪುಸ್ತಕದಲ್ಲಿ ಅಡ್ಡ ನಿಲ್ಲುವ ಪಾತ್ರಗಳ ಪುಟಗಳಿಗೆ ನಾನು ಬಂದದ್ದು ಅದಾಗಿ ಎರಡು ವರ್ಷದ ಮೇಲೆ.

ಕಳೆದ ಸಲ ಊರಿಗೆ ಹೋದಾಗ ಈ ಲೇಖನದ ವಿಷಯ ಹೇಳಿ, ತುಳಸಿಯ ಕಥೆ ನಿಮಗ್ಯಾಕೆ ಅಷ್ಟು ಇಷ್ಟವಾಯಿತು ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು.

“ಇಷ್ಟ ಅಂತಲ್ಲ. ಅವಳಿಗೆ ಯಾರೋ ಒಬ್ರು ಕೇಳಿದ್ರಲ, ನಿಂಗೆ ಬೇಕನಾ ಅಂತ.”

ಆಮೇಲೆ ಎದ್ದು ಕಾಫಿಗೆ ನೀರಿಟ್ಟರು.